ಪಕ್ಕದ ಮನೆಯಿಂದ ಬಂದ ಸದ್ದು: ‘ಲಂಡನ್ ಕಾಲಿಂಗ್’ ಇನ್ನೂ ಯಾಕೆ ಕೇಳಿಸುತ್ತಿದೆ

‘ಸ್ಲಂಡಾಗ್ ಮಿಲಿಯನೇರ್’ ನೋಡಿದವರಿಗೆ ಆ ರೈಲಿನ ದೃಶ್ಯ ನೆನಪಿರಬೇಕು. ಅಣ್ಣ ತಮ್ಮ ಇಬ್ಬರೂ ರೈಲಿನ ಮೇಲೆ ಕೂತು ಊರೂರು ಸುತ್ತುತ್ತಾರೆ. ಹಿಂದೆ ಎಂ.ಐ.ಎ. ಹಾಡಿದ ‘ಪೇಪರ್ ಪ್ಲೇನ್ಸ್’ ಬರುತ್ತದೆ. ಸಿನಿಮಾಕ್ಕೆ ಎ.ಆರ್. ರೆಹಮಾನ್ ಸಂಗೀತ ಇದ್ದದ್ದರಿಂದ ಇದೂ ಅವರದ್ದೇ ಇರಬೇಕು ಎಂದುಕೊಂಡಿದ್ದರೆ, ಅಲ್ಲ. ಆ ಹಾಡಿನ ಅಡಿಯಲ್ಲಿ ಸುತ್ತಿ ಸುತ್ತಿ ಬರುವ ತೇಲುವ ಗಿಟಾರ್ ಇದೆಯಲ್ಲ, ಅದು 1982ರದ್ದು. ಲಂಡನ್ನಿನ ‘ದಿ ಕ್ಲ್ಯಾಶ್’ ಎಂಬ ಪಂಕ್ ಬ್ಯಾಂಡಿನ ‘ಸ್ಟ್ರೇಟ್ ಟು ಹೆಲ್’ ಹಾಡಿನಿಂದ ಎತ್ತಿದ್ದು. ಆ ಹಾಡಿನಲ್ಲಿ ಬರುವವರು ಯಾರಿಗೂ ಬೇಡವಾದವರು. ಬ್ರಿಟನ್ನಿಗೆ ವಲಸೆ ಬಂದವರು, ಅಮೆರಿಕನ್ ಸೈನಿಕರು ವಿಯೆಟ್ನಾಮಿನಲ್ಲಿ ಬಿಟ್ಟುಹೋದ ಮಕ್ಕಳು. ಇಪ್ಪತ್ತೈದು ವರ್ಷದ ಮೇಲೆ, 2007ರಲ್ಲಿ, ಶ್ರೀಲಂಕಾ ತಮಿಳು ಕುಟುಂಬದ ಲಂಡನ್ ಗಾಯಕಿ ಎಂ.ಐ.ಎ. ಅದೇ ಗಿಟಾರ್ ಮೇಲೆ ವೀಸಾ, ಗಡಿ, ದುಡ್ಡಿನ ಬಗ್ಗೆ ತನ್ನ ಹಾಡು ಕಟ್ಟಿದಳು. ಹಾಡು ಬರೆದವರ ಪಟ್ಟಿಯಲ್ಲಿ ಕ್ಲ್ಯಾಶ್‌ನ ನಾಲ್ವರ ಹೆಸರೂ ಇದೆ.

ಈ ಕೊನೆಯ ಮಾತು ಸಣ್ಣದಲ್ಲ. ಈಗ ಯಾವ ಹೊಸ ಆಲ್ಬಮ್ ಬಂದರೂ ‘ಪ್ರಕಾರಗಳ ಗಡಿ ದಾಟಿದೆ’ ಎಂದೇ ಪ್ರಚಾರ. ಒಂದಿಷ್ಟು ರಾಕ್, ಒಂದಿಷ್ಟು ಜನಪದ, ಮೇಲೊಂದು ರ‍್ಯಾಪ್ ಉದುರಿಸಿದರೆ ಆಯಿತು. ಎಲ್ಲ ದೇಶದ ಎಲ್ಲ ಸಂಗೀತವೂ ಒಂದೇ ಫೋನಿನಲ್ಲಿ ಸಿಗುವಾಗ ಬೆರೆಸುವುದು ದೊಡ್ಡ ಕೆಲಸವೇನಲ್ಲ. ಜೊತೆಗೆ ಜಗಳವೂ ಜಾಸ್ತಿಯಾಗಿದೆ. ಯಾರ ಸಂಗೀತವನ್ನು ಯಾರು ತೆಗೆದುಕೊಂಡರು, ಕೇಳಿ ತೆಗೆದುಕೊಂಡರೋ ಸುಮ್ನೆ ಎತ್ತಿಕೊಂಡು ಹೋದರೋ, ದುಡ್ಡು ಯಾರಿಗೆ ಹೋಯಿತು? ಈ ಪ್ರಶ್ನೆಗಳನ್ನು ಇಟ್ಟುಕೊಂಡು ಹಿಂದಕ್ಕೆ ಹೋದರೆ ಸಿಗುವ ಒಳ್ಳೆಯ ಉದಾಹರಣೆ ಕ್ಲ್ಯಾಶ್‌ನ ಮೂರನೇ ಆಲ್ಬಮ್ ‘ಲಂಡನ್ ಕಾಲಿಂಗ್’. ಬ್ರಿಟನ್ನಿನಲ್ಲಿ ಅದು ಬಂದದ್ದು 1979ರ ಡಿಸೆಂಬರ್ 14ರಂದು. ಎರಡು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ), 19 ಹಾಡು. ಪಂಕ್, ಜಮೈಕಾದ ರೆಗೆ ಮತ್ತು ಸ್ಕಾ, ಅಮೆರಿಕದ ರಾಕಬಿಲಿ, ಜಾಝ್, ಸೋಲ್ ಎಲ್ಲವೂ ಅದರಲ್ಲಿವೆ. ಹೀಗೆ ಪಟ್ಟಿ ಮಾಡಿದರೆ ಮಿಕ್ಸ್ಚರ್ ಪೊಟ್ಟಣದ ಥರ ಕಾಣುತ್ತದೆ. ಕೇಳಿದರೆ ಹಾಗನಿಸುವುದಿಲ್ಲ. ಯಾಕೆ ಅನಿಸುವುದಿಲ್ಲ ಎನ್ನುವುದೇ ನನಗೆ ಕುತೂಹಲ.

ಮೊದಲು ಪಂಕ್ ಅಂದರೆ ಏನಾಗಿತ್ತು ಎಂದು ಹೇಳಬೇಕು. 1976ರ ಲಂಡನ್ನಿನಲ್ಲಿ ಅದು ಒಂದು ಸಿಟ್ಟು. ಕೆಲಸವಿಲ್ಲ, ದುಡ್ಡಿಲ್ಲ, ರೇಡಿಯೋದಲ್ಲಿ ಬರುವ ರಾಕ್ ಸಂಗೀತದಲ್ಲಿ ಹತ್ತು ನಿಮಿಷದ ಸೋಲೋಗಳು. ಪಂಕ್ ಹುಡುಗರು ಗಿಟಾರಿನ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಕಲಿತು ಎರಡು ನಿಮಿಷದಲ್ಲಿ ಹಾಡು ಮುಗಿಸಿದರು. ಬೇಗ ಬೇಗ, ಜೋರಾಗಿ. ತೊಂದರೆ ಏನೆಂದರೆ, ಎಲ್ಲ ನಿಯಮ ಮುರಿಯುತ್ತೇವೆ ಎಂದು ಬಂದ ಪಂಕ್ ಎರಡೇ ವರ್ಷದಲ್ಲಿ ತಾನೇ ಒಂದು ಮಡಿ ಮೈಲಿಗೆಯ ಪಟ್ಟಿ ಮಾಡಿಕೊಂಡಿತು. ಹೀಗೇ ನುಡಿಸಬೇಕು, ಹೀಗೇ ಕೂದಲು ಬಿಡಬೇಕು, ಇಂಥ ಕಂಪನಿಗೆ ಸಹಿ ಹಾಕಬಾರದು. 1977ರಲ್ಲಿ ಕ್ಲ್ಯಾಶ್ ಸಿಬಿಎಸ್ ಎಂಬ ದೊಡ್ಡ ಕಂಪನಿಗೆ ಸಹಿ ಹಾಕಿದ ದಿನವೇ ಪಂಕ್ ಸತ್ತಿತು ಎಂದವರೂ ಇದ್ದರು. ಅದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ ಬಿಡಿ. ವ್ಯವಸ್ಥೆಯನ್ನು ಬೈಯುವ ಹಾಡುಗಳನ್ನು ವ್ಯವಸ್ಥೆಯ ದುಡ್ಡಲ್ಲೇ ಅಚ್ಚು ಹಾಕಿಸಿದ ಬ್ಯಾಂಡ್ ಅದು. ಆ ಮುಜುಗರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಆದರೆ ಅದೇ ಊರಿನಲ್ಲಿ ಇನ್ನೊಂದು ಸದ್ದೂ ಇತ್ತು. 1948ರಿಂದ ಹಡಗು ಹತ್ತಿ ಬಂದ ಜಮೈಕಾ ಮತ್ತಿತರ ಕೆರಿಬಿಯನ್ ದ್ವೀಪಗಳ ಜನ ಬ್ರಿಕ್ಸ್‌ಟನ್, ನಾಟಿಂಗ್ ಹಿಲ್ ಥರದ ಬಡಾವಣೆಗಳಲ್ಲಿ ನೆಲೆಸಿದ್ದರು. ಬಾಡಿಗೆ ಕಡಿಮೆ ಇದ್ದದ್ದು ಅಲ್ಲಿ. ಬಡ ಬಿಳಿಯರು ಇದ್ದದ್ದೂ ಅಲ್ಲೇ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿಕೊಂಡು ರೆಗೆ ಹಾಕುತ್ತಿದ್ದ ‘ಸೌಂಡ್ ಸಿಸ್ಟಮ್’ಗಳ ಸದ್ದು ಗೋಡೆ ದಾಟಿ ಪಕ್ಕದ ಮನೆಗೆ ಬರುತ್ತಿತ್ತು. ಬೇಡ ಅಂದರೂ ಬರುತ್ತಿತ್ತು. ಕ್ಲ್ಯಾಶ್‌ನ ಬೇಸ್ (ತಗ್ಗು ಸ್ವರದ ಗಿಟಾರ್) ವಾದಕ ಪಾಲ್ ಸಿಮೊನನ್ ಬೆಳೆದದ್ದು ಈ ಸದ್ದಿನ ನಡುವೆ. ಅವನಿಗೆ ಗಿಟಾರ್ ಬರುತ್ತಿರಲಿಲ್ಲ. ಬೇಸ್‌ನ ಕತ್ತಿನ ಮೇಲೆ ಸ್ವರಗಳ ಹೆಸರನ್ನು ಪೇಂಟಿನಲ್ಲಿ ಬರೆದುಕೊಂಡು ಕಲಿತವನು. ಆದರೆ ರೆಗೆ ಅವನ ಕಿವಿಯಲ್ಲಿ ಆಗಲೇ ಇತ್ತು.

ಪಂಕ್ ಹುಡುಗರು ಸೇರುತ್ತಿದ್ದ ರಾಕ್ಸಿ ಕ್ಲಬ್ಬಿನಲ್ಲಿ ಡಿಜೆ ಆಗಿದ್ದವನು ಡಾನ್ ಲೆಟ್ಸ್. ಜಮೈಕಾ ಮೂಲದ ಕುಟುಂಬದವನು. ಬ್ಯಾಂಡು ಬ್ಯಾಂಡುಗಳ ನಡುವೆ ಹಾಕಲು ಪಂಕ್ ರೆಕಾರ್ಡುಗಳೇ ಆಗ ಹೆಚ್ಚಿರಲಿಲ್ಲ. ಹಾಗಾಗಿ ಮನೆಯಿಂದ ತಂದ ರೆಗೆ, ಡಬ್ (ಹಾಡು ಕಳಚಿ ಬೇಸ್, ಡ್ರಮ್ ಮುಂದೆ ತಂದ ರೆಗೆ) ರೆಕಾರ್ಡ್ ಹಾಕುತ್ತಿದ್ದ. ಹುಡುಗರಿಗೆ ಅದು ಹಿಡಿಸಿತು. ಒಂದು ದೊಡ್ಡ ಬೆಸುಗೆ ಇಷ್ಟು ಸಣ್ಣ ಕಾರಣಕ್ಕೆ ಆಯಿತು!

ಇಷ್ಟೇ ಆಗಿದ್ದರೆ ಕಥೆ ಸಲೀಸು. ಆದರೆ 1978ರಲ್ಲಿ ಕ್ಲ್ಯಾಶ್‌ನ ಗಾಯಕ ಜೋ ಸ್ಟ್ರಮ್ಮರ್ ಹ್ಯಾಮರ್‌ಸ್ಮಿತ್‌ನಲ್ಲಿ ರಾತ್ರಿಯಿಡೀ ನಡೆದ ಒಂದು ರೆಗೆ ಕಾರ್ಯಕ್ರಮದ ಅನುಭವವನ್ನು ಹಾಡು ಮಾಡಿದ. ಬಂಡಾಯದ ಹಾಡು ಕೇಳಬೇಕೆಂದು ಆಸೆಪಟ್ಟು ಹೋದವನಿಗೆ ಅಲ್ಲಿ ಸಿಕ್ಕಿದ್ದು ಥಳಕಿನ ಮನರಂಜನೆ. ಕಪ್ಪು ಜನರ ನಡುವೆ ತಾನೊಬ್ಬ ಬಿಳಿಯ, ಇಲ್ಲಿ ತನ್ನದೇನು ಕೆಲಸ ಎಂಬ ಮುಜುಗರ ಬೇರೆ. ಅವರು ತನ್ನ ಕಲ್ಪನೆಯಂತೆ ಯಾಕಿರಬೇಕು ಎಂದು ಹಾಡಿನಲ್ಲೇ ತನ್ನನ್ನು ತಾನು ಗೇಲಿ ಮಾಡಿಕೊಂಡ. ನನ್ನ ಲೆಕ್ಕದಲ್ಲಿ ‘ಲಂಡನ್ ಕಾಲಿಂಗ್’ ಶುರುವಾಗುವುದು ಇಲ್ಲಿಂದ. ಇನ್ನೊಬ್ಬರ ಮನೆಯಲ್ಲಿ ಕೂತಿದ್ದೇವೆ ಎನ್ನುವ ಅರಿವು ಇರುವವನು ಊಟದ ತಟ್ಟೆಯನ್ನು ಮನೆಗೆ ಒಯ್ಯುವುದಿಲ್ಲ, ಅಲ್ವಾ?

ಸ್ಟ್ರಮ್ಮರ್ ಬಗ್ಗೆ ಒಂದು ಮಾತು. ಅವನ ಅಸಲಿ ಹೆಸರು ಜಾನ್ ಮೆಲ್ಲರ್. ಹುಟ್ಟಿದ್ದು 1952ರಲ್ಲಿ, ಟರ್ಕಿಯ ಅಂಕಾರಾದಲ್ಲಿ. ಅಪ್ಪ ಬ್ರಿಟಿಷ್ ವಿದೇಶಾಂಗ ಇಲಾಖೆಯಲ್ಲಿದ್ದವರು, ಅವರು ಹುಟ್ಟಿದ್ದು ನಮ್ಮ ಲಕ್ನೋದಲ್ಲಿ. ಮಗನ ಬಾಲ್ಯ ಕೈರೋ, ಮೆಕ್ಸಿಕೊ ಸಿಟಿ ಎಂದು ಸುತ್ತಿ, ಆಮೇಲೆ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಬಂದು ನಿಂತಿತು. ಬೀದಿ ಹುಡುಗರ ದನಿ ಎನಿಸಿಕೊಂಡವನಿಗೆ ಈ ಹಿನ್ನೆಲೆ ಒಂದು ಹೊರೆ. ಆದರೆ ಯಾವ ಊರೂ ಪೂರ್ತಿ ತನ್ನದಲ್ಲದವನಿಗೆ ಎಲ್ಲ ಊರಿನ ಹಾಡೂ ಸ್ವಲ್ಪ ಸ್ವಲ್ಪ ತನ್ನದು ಅನಿಸಿದ್ದರೆ ಆಶ್ಚರ್ಯವಿಲ್ಲ.

1979ರ ಹೊತ್ತಿಗೆ ಬ್ಯಾಂಡಿನ ಸ್ಥಿತಿ ಚೆನ್ನಾಗಿರಲಿಲ್ಲ. ಮ್ಯಾನೇಜರ್ ಜೊತೆ ಜಗಳವಾಗಿ ಬಿಟ್ಟಿದ್ದರು. ಅಭ್ಯಾಸದ ಜಾಗವೂ ಹೋಗಿತ್ತು. ಪಿಮ್ಲಿಕೊದಲ್ಲಿ ಕಾರು ಗ್ಯಾರೇಜಿನ ಹಿಂದೆ ‘ವನಿಲ್ಲಾ’ ಎಂಬ ಕೋಣೆ ಸಿಕ್ಕಿತು. ಅಲ್ಲಿ ತಿಂಗಳುಗಟ್ಟಲೆ ಕೂತರು. ನುಡಿಸುವುದು, ಫುಟ್‌ಬಾಲ್ ಆಡುವುದು, ಮತ್ತೆ ನುಡಿಸುವುದು. ಹೊಸ ಹಾಡು ಹೊಳೆಯದಿದ್ದಾಗ ಹಳೆಯ ರಾಕಬಿಲಿ, ರೆಗೆ ಹಾಡು ನುಡಿಸಿ ಕೈ ಬಿಸಿ ಮಾಡಿಕೊಳ್ಳುವುದು. ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕ ಸುತ್ತಿ ಬಂದಿದ್ದರು. ಅಮೆರಿಕ ಅಂದರೆ ಬೇಸರ ಎಂದು ಮೊದಲ ಆಲ್ಬಮ್‌ನಲ್ಲಿ ಹಾಡಿದ್ದ ಹುಡುಗರು ಈಗ ಅಲ್ಲಿನ ಹಳೆಯ ರಾಕ್ ಆ್ಯಂಡ್ ರೋಲ್ ಗಾಯಕ ಬೋ ಡಿಡ್ಲಿಯನ್ನೇ ಜೊತೆಗೆ ಕರೆದುಕೊಂಡು ಊರೂರು ಹೋಗಿದ್ದರು. ಬೈದ ದೇಶದ ಸಂಗೀತವೇ ಮನಸ್ಸಿಗೆ ಹತ್ತಿತ್ತು.

ಆಗಸ್ಟಿನಲ್ಲಿ ಹೈಬರಿಯ ವೆಸೆಕ್ಸ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಶುರುವಾಯಿತು. ನಿರ್ಮಾಪಕ ಗೈ ಸ್ಟೀವನ್ಸ್. ಅರವತ್ತರ ದಶಕದಲ್ಲಿ ಅಮೆರಿಕದ ಕಪ್ಪು ಸಂಗೀತವನ್ನು ಲಂಡನ್ನಿಗೆ ಪರಿಚಯಿಸಿದವರಲ್ಲಿ ಒಬ್ಬ. ಈಗ ಕುಡಿತಕ್ಕೆ ಬಿದ್ದು, ಯಾರೂ ಕೆಲಸ ಕೊಡದ ಸ್ಥಿತಿಯಲ್ಲಿದ್ದ. ಹಾಡು ನಡೆಯುತ್ತಿರುವಾಗಲೇ ಕುರ್ಚಿ ಎಸೆಯುತ್ತಿದ್ದ, ಏಣಿ ಬೀಸುತ್ತಿದ್ದ, ಪಿಯಾನೋದ ಮೇಲೆ ಮದ್ಯ ಸುರಿದ. ತಾಂತ್ರಿಕ ಕೆಲಸ ಕೆಡದಂತೆ ಕಾಪಾಡಿದವನು ಎಂಜಿನಿಯರ್ ಬಿಲ್ ಪ್ರೈಸ್. ‘ಬ್ರ್ಯಾಂಡ್ ನ್ಯೂ ಕ್ಯಾಡಿಲಾಕ್’ ಹಾಡನ್ನು ಒಮ್ಮೆ ನುಡಿಸಿದರು. ನಡುವೆ ವೇಗ ಹೆಚ್ಚಾಗಿಬಿಟ್ಟಿದೆ, ಇನ್ನೊಮ್ಮೆ ನುಡಿಸೋಣ ಎಂದ ಡ್ರಮ್ಮರ್ ಟಾಪರ್ ಹೆಡನ್. ಒಳ್ಳೆಯ ರಾಕ್ ಅಂದ ಮೇಲೆ ವೇಗ ಹೆಚ್ಚಲೇಬೇಕು ಎಂದು ಸ್ಟೀವನ್ಸ್ ಅದನ್ನೇ ಇಟ್ಟುಕೊಂಡ. 1981ರಲ್ಲಿ ಅವನು ತೀರಿಕೊಂಡ.

ಇನ್ನು ಬೆರಕೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದು. ಇದನ್ನು ತೊಡೆ ತಟ್ಟಿಕೊಂಡೇ ನೋಡಬಹುದು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಪಂಕ್‌ನಲ್ಲಿ ಗಿಟಾರ್ ಪ್ರತಿ ಎಣಿಕೆಗೂ, ಎಣಿಕೆಗಳ ನಡುವೆಯೂ ಒಂದೇ ಸಮ ಬಡಿಯುತ್ತದೆ. ಉಸಿರಾಡಲು ಜಾಗವಿಲ್ಲ. ರೆಗೆಯಲ್ಲಿ ಗಿಟಾರ್ ಎರಡು ಮತ್ತು ನಾಲ್ಕಕ್ಕೆ ಮಾತ್ರ ‘ಚಕ್’ ಎಂದು ಕಡಿದು ಸುಮ್ಮನಾಗುತ್ತದೆ. ಒಂದರ ಮೇಲೆ ಡ್ರಮ್ಮಿನ ಪೆಟ್ಟು ಬೀಳುವುದಿಲ್ಲ, ಮೂರಕ್ಕೆ ಬೀಳುತ್ತದೆ. ಹೀಗೆ ಖಾಲಿ ಬಿಟ್ಟ ಜಾಗದಲ್ಲಿ ಬೇಸ್ ಓಡಾಡುತ್ತದೆ. ನಮ್ಮ ಸಂಗೀತದಲ್ಲಿ ಸಮ ಬಿಟ್ಟು ಎತ್ತಿಕೊಳ್ಳುವ ಕೃತಿ ಕೇಳಿದವರಿಗೆ ಈ ಖಾಲಿಯ ರುಚಿ ಬೇಗ ಸಿಗುತ್ತದೆ.

ಕ್ಲ್ಯಾಶ್ ಈ ಎರಡನ್ನೂ ಕಲಸಿ ಒಂದು ಮುದ್ದೆ ಮಾಡಲಿಲ್ಲ. ಯಾವುದನ್ನು ಯಾರಿಗೆ ಕೊಡಬೇಕು ಎಂದು ನೋಡಿ ಹಂಚಿದರು. ಶೀರ್ಷಿಕೆಯ ಹಾಡನ್ನೇ ಕೇಳಿ. ಗಿಟಾರ್ ಸಿಪಾಯಿಗಳ ಹೆಜ್ಜೆಯಂತೆ ಎಣಿಕೆ ಎಣಿಕೆಗೂ ಬೀಳುತ್ತದೆ. ಬೇಸ್ ಮಾತ್ರ ರೆಗೆಯವರಂತೆ ತೂಗಾಡುತ್ತಾ ಇಳಿಯುತ್ತದೆ. ಮೇಲೆ ಹೆದರಿಕೆ, ಕೆಳಗೆ ತೂಗಾಟ. ಇದನ್ನು ಸಾಧ್ಯ ಮಾಡಿದವನು ಹೆಡನ್. ಸೋಲ್, ಜಾಝ್, ರೆಗೆ ಏನು ಕೊಟ್ಟರೂ ಬಾರಿಸಬಲ್ಲ ಕೈ ಅವನದು. ಅವನಿಲ್ಲದಿದ್ದರೆ ಉಳಿದ ಮೂವರ ಆಸೆ ಆಸೆಯಾಗಿಯೇ ಉಳಿಯುತ್ತಿತ್ತು. ಮಿಕ್ ಜೋನ್ಸ್ ಗಿಟಾರಿನ ಜೊತೆಗೆ ಹಾಡುಗಳ ಅಂದ ಚೆಂದ ನೋಡಿಕೊಳ್ಳುತ್ತಿದ್ದವನು, ಆರ್ಗನ್ನಿಗೆ ಮಿಕಿ ಗ್ಯಾಲಗರ್ ಬಂದ, ಒಂದು ತುತ್ತೂರಿ ತಂಡವೂ ಸೇರಿತು.

ಆಲ್ಬಮ್‌ನಲ್ಲಿ ನನಗೆ ತುಂಬ ಇಷ್ಟವಾಗುವ ಬೆರಕೆ ‘ರಾಂಗ್ ಎಮ್ ಬಾಯೊ’. ಇದರ ಕಥೆ 1895ರ ಕ್ರಿಸ್‌ಮಸ್ ರಾತ್ರಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶುರುವಾಗುತ್ತದೆ. ಒಂದು ಹೆಂಡದಂಗಡಿಯಲ್ಲಿ ಲೀ ಶೆಲ್ಟನ್ ಎಂಬವನು ಬಿಲ್ಲಿ ಲಯನ್ಸ್ ಎಂಬವನನ್ನು ಗುಂಡಿಟ್ಟು ಕೊಂದ. ಜಗಳ ಒಂದು ಟೋಪಿಯ ಸಲುವಾಗಿ. ಆ ಕೊಲೆ ಜನಪದ ಹಾಡಾಯಿತು, ನಮ್ಮಲ್ಲಿ ಇಂಥವು ಲಾವಣಿಯಾಗುವ ಹಾಗೆ. ಬಾಯಿಂದ ಬಾಯಿಗೆ ಹೋಗಿ ಶೆಲ್ಟನ್ ‘ಸ್ಟ್ಯಾಗರ್ ಲೀ’ ಆದ. ಐವತ್ತರ ದಶಕದ ಕೊನೆಯಲ್ಲಿ ಲಾಯ್ಡ್ ಪ್ರೈಸ್ ಅದನ್ನು ದೊಡ್ಡ ಹಿಟ್ ಮಾಡಿದ. ರೇಡಿಯೋ ಅಲೆಯ ಮೇಲೆ, ರೆಕಾರ್ಡಿನ ಪೆಟ್ಟಿಗೆಯಲ್ಲಿ ಅಮೆರಿಕದ ಹಾಡುಗಳು ಜಮೈಕಾ ತಲುಪುತ್ತಿದ್ದವು. ಅಲ್ಲಿ ‘ದಿ ರೂಲರ್ಸ್’ ಎಂಬ ತಂಡ ಅದೇ ಕಥೆಯನ್ನು ತಿರುಗಿಸಿ, ಮೋಸ ಮಾಡುವವನಿಗೆ ಬುದ್ಧಿ ಹೇಳುವ ಹಾಡು ಮಾಡಿತು. ಜಮೈಕಾದಿಂದ ಅದು ವಲಸಿಗರ ಜೊತೆ ಲಂಡನ್ನಿಗೆ ಬಂತು. ಕ್ಲ್ಯಾಶ್ ಈ ಇಡೀ ದಾರಿಯನ್ನು ಮೂರು ನಿಮಿಷದಲ್ಲಿ ತೋರಿಸುತ್ತಾರೆ. ಮೊದಲು ಅಮೆರಿಕದ ಹಳೆಯ ಧಾಟಿಯಲ್ಲಿ ಸ್ಟ್ಯಾಗರ್ ಲೀ ಕಥೆ ಎತ್ತುತ್ತಾರೆ. ನಡುವೆ ಕಡಿದು ನಿಲ್ಲಿಸುತ್ತಾರೆ. ಮತ್ತೆ ಶುರುವಾದಾಗ ಅದು ಸ್ಕಾ! ಎಲ್ಲಿಂದ ತಂದೆವು ಎನ್ನುವುದನ್ನು ಹಾಡಿನೊಳಗೇ ಹೇಳಿಬಿಟ್ಟ ಹಾಗಾಯಿತು. ಮೂಲ ಬರೆದವನ ಹೆಸರನ್ನೇ ಹಾಕಿದರು, ತಮ್ಮದೆಂದು ಹೇಳಿಕೊಳ್ಳಲಿಲ್ಲ.

‘ಗನ್ಸ್ ಆಫ್ ಬ್ರಿಕ್ಸ್‌ಟನ್’ ಸಿಮೊನನ್ ಬರೆದ ಮೊದಲ ಹಾಡು. ಬರೆಯಲು ಕಾರಣ ತೀರಾ ಲೌಕಿಕ: ಬ್ಯಾಂಡಿನಲ್ಲಿ ದುಡ್ಡು ಬರುವುದು ಹಾಡು ಬರೆದವರಿಗೆ ಎಂದು ಅವನಿಗೆ ಗೊತ್ತಾಗಿತ್ತು. ಪೊಲೀಸರು ಬಾಗಿಲು ಒದ್ದಾಗ ಏನು ಮಾಡುತ್ತೀಯ ಎನ್ನುವುದು ಹಾಡಿನ ಪ್ರಶ್ನೆ. ಅವನ ಒರಟು ಗಂಟಲು, ಭಾರವಾದ ಬೇಸ್. ಹಾಡು ಬಂದು ಒಂದೂವರೆ ವರ್ಷವೂ ಆಗಿರಲಿಲ್ಲ, 1981ರ ಏಪ್ರಿಲ್‌ನಲ್ಲಿ ಪೊಲೀಸರ ವಿರುದ್ಧ ಗಲಭೆಯೆದ್ದು ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ಭವಿಷ್ಯ ನುಡಿದರು ಎಂದು ಹೊಗಳುವವರಿದ್ದಾರೆ. ಭವಿಷ್ಯವೇನೂ ಬೇಕಿರಲಿಲ್ಲ. ಆ ಬೀದಿಯಲ್ಲಿ ಓಡಾಡಿದ ಯಾರಿಗಾದರೂ ಅದು ಗೊತ್ತಿತ್ತು.

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಈ ಅಳತೆಯಲ್ಲಿ ಕ್ಲ್ಯಾಶ್ ಹೇಗೆ? ಬಹುಮಟ್ಟಿಗೆ ಪಾಸು. ಜನಾಂಗ ದ್ವೇಷದ ವಿರುದ್ಧ 1978ರ ಏಪ್ರಿಲ್ 30ರಂದು ವಿಕ್ಟೋರಿಯಾ ಪಾರ್ಕಿನಲ್ಲಿ ನಡೆದ ದೊಡ್ಡ ಸಭೆಯಲ್ಲಿ ರೆಗೆ ತಂಡ ಸ್ಟೀಲ್ ಪಲ್ಸ್ ಹಾಡಿದ ವೇದಿಕೆಯಲ್ಲೇ ಹಾಡಿದರು. ಜಮೈಕಾದ ರೆಗೆ ನಿರ್ಮಾಪಕ ಲೀ ಪೆರಿ ಕ್ಲ್ಯಾಶ್‌ನ ಒಂದು ಹಾಡನ್ನು ನಿರ್ಮಿಸಿದ. ಬಾಬ್ ಮಾರ್ಲಿ 1977ರಲ್ಲಿ ಪಂಕ್ ಮತ್ತು ರೆಗೆಯ ಗೆಳೆತನದ ಬಗ್ಗೆಯೇ ಹಾಡಿ ಅದರಲ್ಲಿ ಕ್ಲ್ಯಾಶ್ ಹೆಸರು ಹೇಳಿದ. ಆದರೆ ಎಲ್ಲರಿಗೂ ಖುಷಿಯಾಗಿತ್ತು ಎನ್ನುವಂತಿಲ್ಲ. ಮೊದಲ ಆಲ್ಬಮ್‌ನಲ್ಲಿ ಅವರು ಹಾಡಿದ ‘ಪೊಲೀಸ್ ಆ್ಯಂಡ್ ಥೀವ್ಸ್’ ಅದರ ಮೂಲ ಗಾಯಕ ಜೂನಿಯರ್ ಮರ್ವಿನ್‌ಗೆ ಇಷ್ಟವಾಗಲಿಲ್ಲ. ಜೊತೆಗೆ, ಒಂದೇ ಹಾಡನ್ನು ಬಿಳಿ ಹುಡುಗರು ಹಾಡಿದರೆ ತೆರೆಯುವ ಬಾಗಿಲು ಕಪ್ಪು ಗಾಯಕನಿಗೆ ತೆರೆಯುತ್ತಿರಲಿಲ್ಲ. ಅದು ಕ್ಲ್ಯಾಶ್ ಮಾಡಿದ ತಪ್ಪಲ್ಲದಿದ್ದರೂ ಅದರ ಲಾಭ ಅವರಿಗೆ ಸಿಕ್ಕಿತು.

ಎಡವಿದ್ದೂ ಇದೆ. ‘ಲವರ್ಸ್ ರಾಕ್’ ಎಂಬ ಹಾಡನ್ನೇ ತೆಗೆದುಕೊಳ್ಳಿ. ಲವರ್ಸ್ ರಾಕ್ ಎನ್ನುವುದು ಲಂಡನ್ನಿನಲ್ಲೇ ಹುಟ್ಟಿದ ಮೆದು ರೆಗೆ. ಕಪ್ಪು ಹುಡುಗಿಯರು ಹಾಡಿ ಬೆಳೆಸಿದ್ದು. ಅದೇ 1979ರಲ್ಲಿ ಜ್ಯಾನೆಟ್ ಕೇ ಹಾಡಿದ ‘ಸಿಲ್ಲಿ ಗೇಮ್ಸ್’ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತ್ತು. ಕ್ಲ್ಯಾಶ್ ಆ ಹೆಸರು ತೆಗೆದುಕೊಂಡು ಹೆಣ್ಣಿನ ಬಗ್ಗೆ ಗಂಡಸರ ಉಪದೇಶದಂಥ ಒಂದು ಪೇಲವ ಹಾಡು ಮಾಡಿದರು. ಆಲ್ಬಮ್‌ನ ತೀರಾ ಸಪ್ಪೆ ಹಾಡು ಅದು. ಹೆಸರನ್ನು ಎರವಲು ತಂದರು, ಕೇಳಿಸಿಕೊಳ್ಳಲಿಲ್ಲ. ‘ಸಿಲ್ಲಿ ಗೇಮ್ಸ್’ ಮಾಡಿದ ಡೆನ್ನಿಸ್ ಬೊವೆಲ್ ಅದೇ ವರ್ಷ ‘ದಿ ಸ್ಲಿಟ್ಸ್’ ಎಂಬ ಪಂಕ್ ಹುಡುಗಿಯರ ತಂಡಕ್ಕೆ ‘ಕಟ್’ ಎಂಬ ಆಲ್ಬಮ್ ಮಾಡಿಕೊಟ್ಟ. ಪಂಕ್ ಮತ್ತು ಡಬ್ ಬೆರಕೆಯಲ್ಲಿ ಅದು ‘ಲಂಡನ್ ಕಾಲಿಂಗ್’ಗಿಂತ ಧೈರ್ಯದ್ದು ಎಂದು ನನಗನಿಸುತ್ತದೆ. ಕವೆಂಟ್ರಿಯ ‘ದಿ ಸ್ಪೆಷಲ್ಸ್’ ತಂಡದಲ್ಲಂತೂ ಕಪ್ಪು ಬಿಳಿ ಇಬ್ಬರೂ ಇದ್ದರು. ಅವರ ಮೊದಲ ಆಲ್ಬಮ್ ಬಂದದ್ದೂ 1979ರಲ್ಲೇ. ಕ್ಲ್ಯಾಶ್ ಒಬ್ಬರೇ ಗಡಿ ದಾಟಿದರು ಎನ್ನುವ ಕಥೆ ಅಭಿಮಾನಿಗಳದ್ದು.

ಬೆಲೆಯ ವಿಷಯ ಮಜವಾಗಿದೆ. ಎರಡು ಎಲ್‌ಪಿ ಆಲ್ಬಮ್‌ಗೆ ಒಂದರ ಬೆಲೆ ಇಡಿ ಎಂದರೆ ಕಂಪನಿ ಒಪ್ಪಲಿಲ್ಲ. ಸರಿ, ಒಂದು ಎಲ್‌ಪಿ ಜೊತೆ ಒಂದೆರಡು ಹಾಡಿನ 12 ಇಂಚಿನ ಸಿಂಗಲ್ ಉಚಿತ ಕೊಡಬಹುದೇ ಎಂದು ಕೇಳಿದರು. ಒಪ್ಪಿದರು. ಆ ‘ಸಿಂಗಲ್’ನಲ್ಲಿ ಕ್ಲ್ಯಾಶ್ ಒಂಬತ್ತು ಹಾಡು ತುಂಬಿಸಿದರು! ಆಲ್ಬಮ್ 5 ಪೌಂಡಿಗೆ ಮಾರಾಟವಾಯಿತು. ಮುಂದಿನ ವರ್ಷ ಇನ್ನೂ ಹುಚ್ಚು ಹೆಚ್ಚಿ ಮೂರು ಎಲ್‌ಪಿಯ ‘ಸ್ಯಾಂಡಿನಿಸ್ಟಾ!’ ತಂದರು. ಅದನ್ನು ಅಗ್ಗವಾಗಿಡಲು ಬ್ರಿಟನ್ನಿನಲ್ಲಿ ಮೊದಲ ಎರಡು ಲಕ್ಷ ಪ್ರತಿಗಳ ರಾಯಲ್ಟಿ ಬಿಟ್ಟುಕೊಟ್ಟರು.

ಪ್ರಭಾವದ ಮಾತಿಗೆ ಬಂದರೆ, ‘ಲಂಡನ್ ಕಾಲಿಂಗ್’ನ ಸದ್ದನ್ನೇ ನಕಲು ಮಾಡಿದವರು ಬಹಳ. ಅವರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚಿಲ್ಲ. ಅದರ ಅಭ್ಯಾಸವನ್ನು, ಅಂದರೆ ಪಕ್ಕದ ಮನೆಗೆ ಕಿವಿ ಕೊಡುವುದನ್ನು, ಕಲಿತವರ ಕಥೆ ಚೆನ್ನಾಗಿದೆ. ಅರ್ಜೆಂಟೀನಾದ ‘ಲಾಸ್ ಫ್ಯಾಬುಲೋಸೊಸ್ ಕ್ಯಾಡಿಲಾಕ್ಸ್’ ಸ್ಕಾ, ಪಂಕ್ ಜೊತೆಗೆ ತಮ್ಮ ಲ್ಯಾಟಿನ್ ತಾಳಗಳನ್ನು ಸೇರಿಸಿದರು. 1995ರಲ್ಲಿ ಅವರ ಆಲ್ಬಮ್‌ಗೆ ಮಿಕ್ ಜೋನ್ಸ್ ಬಂದು ದನಿ ಕೊಟ್ಟ. ಪಬ್ಲಿಕ್ ಎನಿಮಿಯ ಚಕ್ ಡಿ, ಹಿಪ್ ಹಾಪ್‌ನ ದೊಡ್ಡ ಹೆಸರು, 2019ರಲ್ಲಿ ಕ್ಲ್ಯಾಶ್ ಕಥೆಯ ಪಾಡ್‌ಕಾಸ್ಟ್‌ಗೆ ನಿರೂಪಕನಾದ. ಲಂಡನ್ನಿನ ‘ಏಷ್ಯನ್ ಡಬ್ ಫೌಂಡೇಶನ್’ ತೊಂಬತ್ತರ ದಶಕದಲ್ಲಿ ಪಂಕ್, ಡಬ್, ಭಾಂಗ್ರಾ ಬೆರೆಸಿತು. ಇವರನ್ನೆಲ್ಲ ಕ್ಲ್ಯಾಶ್ ಶಿಷ್ಯರು ಎಂದುಬಿಟ್ಟರೆ ತಪ್ಪಾಗುತ್ತದೆ. ದಕ್ಷಿಣ ಏಷ್ಯಾ ಮೂಲದ ಲಂಡನ್ ಹುಡುಗರಿಗೆ ಭಾಂಗ್ರಾ ಬೆರೆಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

1990ರಲ್ಲಿ ‘ಗನ್ಸ್ ಆಫ್ ಬ್ರಿಕ್ಸ್‌ಟನ್’ನ ಸಿಮೊನನ್ ಬೇಸ್ ಸಾಲನ್ನು ಎತ್ತಿಕೊಂಡು ನಾರ್ಮನ್ ಕುಕ್‌ನ ‘ಬೀಟ್ಸ್ ಇಂಟರ್‌ನ್ಯಾಷನಲ್’ ತಂಡ ಒಂದು ಹಾಡು ಮಾಡಿತು. ಬ್ರಿಟನ್ನಿನಲ್ಲಿ ನಂಬರ್ ಒನ್. ಜಮೈಕಾದಿಂದ ಎರವಲು ತಂದವನ ಕಿಸೆಗೇ ಈಗ ಬೇರೆಯವರು ಕೈ ಹಾಕಿದ್ದರು. ಕೊನೆಗೆ ಇಬ್ಬರೂ ಕೂತು ದುಡ್ಡಿನ ಲೆಕ್ಕ ತೀರಿಸಿಕೊಂಡರು. ಹದಿನೇಳು ವರ್ಷದ ಮೇಲೆ ಬಂದ ‘ಪೇಪರ್ ಪ್ಲೇನ್ಸ್’ನಲ್ಲಿ ಕ್ಲ್ಯಾಶ್‌ನವರ ಹೆಸರು ಮೊದಲೇ ಹಾಕಿದ್ದರು. ಇಷ್ಟರ ನಡುವೆ ಸ್ಯಾಂಪಲ್ (ಇನ್ನೊಬ್ಬರ ಧ್ವನಿಮುದ್ರಣದ ತುಂಡು ಬಳಸುವುದು) ಕುರಿತ ಕಾನೂನು ಬೆಳೆದಿತ್ತು ಎನ್ನುವುದೂ ನಿಜ.

ಪ್ರಶಸ್ತಿ, ಪಟ್ಟಿಗಳಿಗೇನೂ ಕೊರತೆಯಿಲ್ಲ. ‘ರೋಲಿಂಗ್ ಸ್ಟೋನ್’ ಪತ್ರಿಕೆ ಇದನ್ನು ಎಂಬತ್ತರ ದಶಕದ ಅತ್ಯುತ್ತಮ ಆಲ್ಬಮ್ ಎಂದಿತು. ಅಮೆರಿಕದಲ್ಲಿ ಅದು ಬಂದದ್ದು 1980ರ ಜನವರಿಯಲ್ಲಿ, ಹಾಗಾಗಿ. ನ್ಯೂಯಾರ್ಕಿನ ಪಲೇಡಿಯಮ್ ವೇದಿಕೆಯಲ್ಲಿ ಸಿಮೊನನ್ ಬೇಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸುವ ಮುಖಪುಟದ ಚಿತ್ರ ಗೊತ್ತಲ್ಲ. ತೆಗೆದವಳು ಪೆನ್ನಿ ಸ್ಮಿತ್. ಫೋಕಸ್ ಸರಿಯಿಲ್ಲ, ಬೇಡ ಎಂದಿದ್ದಳು. ಗುಲಾಬಿ, ಹಸಿರು ಅಕ್ಷರಗಳು ಎಲ್ವಿಸ್ ಪ್ರೀಸ್ಲಿಯ 1956ರ ಮೊದಲ ಆಲ್ಬಮ್‌ನಿಂದ ಬೇಕೆಂದೇ ಎತ್ತಿದ್ದು. 2010ರಲ್ಲಿ ಆ ಮುಖಪುಟ ಬ್ರಿಟನ್ನಿನ ಅಂಚೆ ಚೀಟಿಯಾಯಿತು. ಮುರಿದ ಬೇಸ್ ಮ್ಯೂಸಿಯಂ ಸೇರಿತು.

ಇನ್ನು ಆ ಶೀರ್ಷಿಕೆಯ ಹಾಡು. ‘ದಿಸ್ ಈಸ್ ಲಂಡನ್ ಕಾಲಿಂಗ್’ ಎನ್ನುವುದು ಬಿಬಿಸಿಯ ಹಳೆಯ ಕರೆ. ಶಾರ್ಟ್‌ವೇವ್ ತಿರುಗಿಸಿ ಬಿಬಿಸಿ ಹಿಡಿಯುತ್ತಿದ್ದ ನಮ್ಮ ಹಿರಿಯರಿಗೆ ಗೊತ್ತಿರುವಂಥದ್ದು. ಎರಡನೇ ಮಹಾಯುದ್ಧದಲ್ಲಿ ಧೈರ್ಯ ಹೇಳುತ್ತಿದ್ದ ಆ ಮಾತನ್ನು ಕ್ಲ್ಯಾಶ್ ಹೆದರಿಕೆಯ ಸುದ್ದಿ ಹೇಳಲು ಬಳಸಿದರು. 1979ರ ಮಾರ್ಚ್‌ನಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತವಾಗಿತ್ತು. ಥೇಮ್ಸ್ ನದಿ ಉಕ್ಕಿ ಲಂಡನ್ ಮುಳುಗಬಹುದು ಎಂಬ ಆತಂಕವೂ ಇತ್ತು. ನೀರು ತಡೆಯುವ ಭಾರೀ ಬಾಗಿಲುಗಳ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಊರು ಮುಳುಗುತ್ತಿದೆ, ನಾನು ನದಿ ಪಕ್ಕದಲ್ಲೇ ಇದ್ದೇನೆ ಎನ್ನುವ ಹಾಡು ಅದು. 2012ರ ಒಲಿಂಪಿಕ್ಸ್ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್ ಇದೇ ಹಾಡನ್ನು ಜಾಹೀರಾತಿಗೆ ಹಾಕಿಕೊಂಡಿತು. ವಿಮಾನ ಲಂಡನ್ ಬೀದಿಗಳಲ್ಲಿ ಗಾಂಭೀರ್ಯದಿಂದ ಹೋಗುತ್ತಿರುತ್ತದೆ, ಹಿಂದೆ ಊರು ಮುಳುಗುವ ಹಾಡು!

ಜಾಹೀರಾತಿಗೆ ಹಾಡಿನ ಒಂದು ತುಂಡು ಸಾಕು. ಪೂರ್ತಿ ಹಾಡನ್ನು ಕೊನೆಯವರೆಗೂ ಕೇಳಿದರೆ, ಎಲ್ಲ ವಾದ್ಯ ನಿಂತ ಮೇಲೆ ಮಿಕ್ ಜೋನ್ಸ್‌ನ ಗಿಟಾರ್ ಬಿಟ್ಟು ಬಿಟ್ಟು ಸದ್ದು ಮಾಡುತ್ತದೆ. ಮೂರು ಚಿಕ್ಕದು, ಮೂರು ಉದ್ದ, ಮೂರು ಚಿಕ್ಕದು. ಮುಳುಗುವ ಹಡಗುಗಳು ಕಳಿಸುವ ಮೋರ್ಸ್ ಸಂಕೇತ: ಎಸ್‌ಓಎಸ್.